ರೋಶಿಯಾ ಮೊಂತಾನಾ: ಚಿನ್ನ ನೆಲದಲ್ಲೇ ಉಳಿಯಿತು, ಜನ ಎಲ್ಲಿ ಹೋದರು?

ರೊಮೇನಿಯಾದಲ್ಲಿ ರೋಶಿಯಾ ಮೊಂತಾನಾ ಅಂತ ಒಂದು ಗ್ರಾಮೀಣ ಆಡಳಿತ ಘಟಕ ಇದೆ. 2002ರ ಜನಗಣತಿಯಲ್ಲಿ ಅಲ್ಲಿ 3,900ರ ಹತ್ತಿರ ಜನ ಇದ್ದರು. 2011ರ ಜನಗಣತಿ ಹೊತ್ತಿಗೆ ಆ ಸಂಖ್ಯೆ 2,700ಕ್ಕಿಂತ ಕೆಳಗೆ ಬಂದಿತ್ತು. ನಡುವೆ ಇದ್ದದ್ದು ಒಂಬತ್ತೇ ವರ್ಷ. ಯುದ್ಧ ಆಗಲಿಲ್ಲ, ಭೂಕಂಪ ಆಗಲಿಲ್ಲ, ಸಾಂಕ್ರಾಮಿಕ ರೋಗ ಬರಲಿಲ್ಲ. ಆದರೂ ಮೂವರಲ್ಲಿ ಒಬ್ಬರು ಲೆಕ್ಕದಿಂದ ಕಾಣೆಯಾದರು.

ಹಳ್ಳಿಗಳು ಎಲ್ಲ ಕಡೆ ಖಾಲಿ ಆಗ್ತಿವೆ, ಇದರಲ್ಲೇನು ವಿಶೇಷ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದೇ ಒಂಬತ್ತು ವರ್ಷದಲ್ಲಿ ಇಡೀ ರೊಮೇನಿಯಾದ ಜನಸಂಖ್ಯೆಯೂ ಸುಮಾರು 2.17 ಕೋಟಿಯಿಂದ 2.01 ಕೋಟಿಗೆ ಇಳಿದಿದೆ. ಅಂದರೆ ದೇಶ ಕಳೆದುಕೊಂಡದ್ದು ಶೇ. 7ರಷ್ಟು, ಈ ಊರು ಕಳೆದುಕೊಂಡದ್ದು ಶೇ. 30ಕ್ಕೂ ಹೆಚ್ಚು. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಒಂದು ಚಟ ಉಳಿದುಕೊಂಡಿದೆ. ಎರಡು ಅಂಕಿಗಳ ನಡುವೆ ನಾಲ್ಕು ಪಟ್ಟು ವ್ಯತ್ಯಾಸ ಕಂಡರೆ ಕಾರಣ ಹುಡುಕದೆ ಬಿಡಲಾಗುವುದಿಲ್ಲ. ಈ ಊರಿನ ಕಾರಣ ಹುಡುಕುತ್ತಾ ಹೋದರೆ ಸುಮಾರು 1,900 ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಚುಟುಕಾಗಿ

- ಎಲ್ಲಿದೆ: ಟ್ರಾನ್ಸಿಲ್ವೇನಿಯಾ ಪ್ರಾಂತ್ಯ, ಆಲ್ಬಾ ಜಿಲ್ಲೆ, ಅಪುಸೇನಿ ಬೆಟ್ಟಸಾಲು. ಹತ್ತಿರದ ಪಟ್ಟಣ ಅಬ್ರುದ್.
- ಎಷ್ಟು ಹಳ್ಳಿ: 16. ಕೇಂದ್ರ ಹಳ್ಳಿಯ ಹೆಸರೂ ರೋಶಿಯಾ ಮೊಂತಾನಾ.
- ಹಳೆಯ ಹೆಸರು: ರೋಮನ್ನರ ಕಾಲದಲ್ಲಿ ಅಲ್ಬುರ್ನುಸ್ ಮಾಯೋರ್. ಹಂಗೇರಿಯನ್ ಭಾಷೆಯಲ್ಲಿ ವೆರೆಶ್‌ಪಾತಕ್, ಅಂದರೆ ಕೆಂಪು ಹಳ್ಳ.
- ಯಾಕೆ ಪ್ರಸಿದ್ಧ: ಚಿನ್ನ, ರೋಮನ್ ಸುರಂಗಗಳು, 2013ರ ಜನಚಳವಳಿ, 2021ರ ಯುನೆಸ್ಕೋ ಮಾನ್ಯತೆ.

ಕೊಮ್ಯೂನ್ ಎಂದರೆ ಏನು?

ರೊಮೇನಿಯಾದ ಗ್ರಾಮೀಣ ಆಡಳಿತದ ಕೆಳಗಿನ ಮೆಟ್ಟಿಲಿಗೆ 'ಕೊಮುನಾ' ಅನ್ನುತ್ತಾರೆ. ನಮ್ಮ ಗ್ರಾಮ ಪಂಚಾಯಿತಿ ಹಾಗೆ ಹಲವು ಹಳ್ಳಿಗಳು ಸೇರಿ ಒಂದು ಕೊಮ್ಯೂನ್. ಅದಕ್ಕೊಬ್ಬ ಚುನಾಯಿತ ಮೇಯರ್, ಒಂದು ಕೌನ್ಸಿಲ್. ದೇಶದಲ್ಲಿ ಇಂಥವು 2,800ಕ್ಕೂ ಹೆಚ್ಚು ಇವೆ. ಜಮೀನನ್ನು ಯಾವ ಉದ್ದೇಶಕ್ಕೆ ಬಳಸಬಹುದು, ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಅಂಗಡಿ ಇಡಬಹುದು ಅನ್ನುವ ವಲಯ ಯೋಜನೆ ಮಾಡುವ ಅಧಿಕಾರ ಈ ಕೌನ್ಸಿಲ್‌ನ ಕೈಯಲ್ಲಿದೆ. ಈ ಸಣ್ಣ ಅಧಿಕಾರವನ್ನು ನೆನಪಿಟ್ಟುಕೊಳ್ಳಿ. ಮುಂದೆ ಇಡೀ ಕಥೆ ತಿರುಗುವುದು ಇದರ ಮೇಲೇ.

ಮೇಣದ ಹಲಗೆಯ ಮೇಲಿನ ಮೊದಲ ಲೆಕ್ಕ

ಕ್ರಿ.ಶ. 106ರಲ್ಲಿ ರೋಮನ್ ಚಕ್ರವರ್ತಿ ಟ್ರಾಜನ್ ಡೇಶಿಯಾವನ್ನು ಗೆದ್ದ. ಇಂದಿನ ರೊಮೇನಿಯಾದ ದೊಡ್ಡ ಭಾಗ ಆಗಿನ ಡೇಶಿಯಾ. ಅಲ್ಲಿನ ಚಿನ್ನ ತೆಗೆಯಲು ರೋಮನ್ನರು ಡಾಲ್ಮೇಷಿಯಾ ಕಡೆಯಿಂದ, ಅಂದರೆ ಇಂದಿನ ಕ್ರೊಯೇಷಿಯಾ, ಅಲ್ಬೇನಿಯಾ ಸುತ್ತಿನ ಪ್ರದೇಶದಿಂದ, ಗಣಿ ಕೆಲಸ ಬಲ್ಲ ಜನರನ್ನು ಕರೆತಂದು ಕೂರಿಸಿದರು. ಹೀಗೆ ಈ ಊರಿನ ದಾಖಲಿತ ಜನಸಂಖ್ಯೆ ಶುರುವಾಗುವುದೇ ವಲಸೆ ಕಾರ್ಮಿಕರಿಂದ.

ಇದು ನಮಗೆ ಗೊತ್ತಾಗಿರುವುದು ಹೇಗೆ? 1786ರಿಂದ 1855ರ ನಡುವೆ ಹಳೆಯ ಸುರಂಗಗಳೊಳಗೆ ಮರದ ಪುಟ್ಟ ಹಲಗೆಗಳು ಸಿಕ್ಕವು. ಹಲಗೆಗೆ ಮೇಣ ಸವರಿ, ಮೊನೆಯ ಕಡ್ಡಿಯಿಂದ ಗೀಚಿ ಬರೆದ ಕರಾರು ಪತ್ರಗಳವು. ಓದಲು ಬರುವಂಥವು ಸುಮಾರು 25 ಉಳಿದಿವೆ. ಊರಿನ ಹೆಸರು ಮೊದಲು ಕಾಣಿಸುವುದು ಕ್ರಿ.ಶ. 131ರ ಫೆಬ್ರವರಿ 6ರ ಒಂದು ಹಲಗೆಯಲ್ಲಿ.

ಇವುಗಳಲ್ಲಿ ರಾಜರ ಹೊಗಳಿಕೆ ಇಲ್ಲ. ಇರುವುದು ಬರೀ ವ್ಯವಹಾರ. 164ರ ಮೇ 20ರಂದು ಮೆಮ್ಮಿಯಸ್ ಎಂಬ ಕೂಲಿಯಾಳು ಒಂದು ಕರಾರಿಗೆ ಒಪ್ಪಿದ್ದಾನೆ: ನವೆಂಬರ್ ಮಧ್ಯದವರೆಗೆ ಚಿನ್ನದ ಗಣಿಯಲ್ಲಿ ದುಡಿಯುವುದು, ಕೂಲಿ 70 ದಿನಾರಿ ಮತ್ತು ಊಟ. ನಡುವೆ ಕೆಲಸ ಬಿಟ್ಟರೆ ದಿನಕ್ಕಿಷ್ಟು ದಂಡ. ಗಣಿಗೆ ನೀರು ನುಗ್ಗಿ ಕೆಲಸ ನಿಂತರೆ ಆ ದಿನಗಳ ಕೂಲಿ ಕಡಿತ. ನೀರು ನುಗ್ಗಿದ್ದು ಅವನ ತಪ್ಪಲ್ಲ, ಆದರೂ ನಷ್ಟ ಅವನದ್ದೇ. ಪತ್ರವನ್ನು ಬರೆದದ್ದು ಬೇರೆಯವರು. ಮೆಮ್ಮಿಯಸ್ ತನಗೆ ಓದು ಬರಹ ಬರುವುದಿಲ್ಲ ಅಂದದ್ದರಿಂದ ತಾನು ಬರೆದೆ ಅಂತ ಆ ವ್ಯಕ್ತಿ ಪತ್ರದಲ್ಲೇ ದಾಖಲಿಸಿದ್ದಾನೆ. ಗುತ್ತಿಗೆ ಕಾರ್ಮಿಕರ ಬಗ್ಗೆ ಇವತ್ತು ಮಾತಾಡುವ ಯಾರಿಗೂ ಈ ಷರತ್ತುಗಳು ಹೊಸದು ಅನ್ನಿಸಲಾರವು.

ಇನ್ನೊಂದು ಹಲಗೆ 139ರ ಮಾರ್ಚ್ 17ರದು. ಪಾಸಿಯಾ ಎಂಬ ಆರು ವರ್ಷದ ಹುಡುಗಿಯನ್ನು 205 ದಿನಾರಿಗೆ ಮಾರಿದ ಕ್ರಯಪತ್ರ. ಎರಡು ಹಲಗೆಗಳ ನಡುವೆ 25 ವರ್ಷದ ಅಂತರ ಇದೆ, ನಿಜ. ಆದರೂ ಪಕ್ಕಪಕ್ಕ ಇಟ್ಟು ನೋಡಿದರೆ ಆ ಮಗುವಿನ ಬೆಲೆ ಮೆಮ್ಮಿಯಸ್‌ನಂಥವನ ಮೂರು ಕರಾರುಗಳ ಕೂಲಿ.

ಈ ಲೇಖನಕ್ಕೆ ಎಲ್ಲಕ್ಕಿಂತ ಮುಖ್ಯವಾದ ಹಲಗೆ 167ರ ಫೆಬ್ರವರಿ 9ರದು. ಅದು ಒಂದು ಸಂಘವನ್ನು ಬರಖಾಸ್ತು ಮಾಡಿದ ನೋಟಿಸು. ಸದಸ್ಯರು ಸತ್ತರೆ ಅಂತ್ಯಸಂಸ್ಕಾರಕ್ಕೆ ಹಣ ಕೊಡಲು, ಎಲ್ಲರೂ ವಂತಿಗೆ ಹಾಕಿ ನಡೆಸುತ್ತಿದ್ದ ಸಂಘ ಅದು. ನಮ್ಮ ಕಡೆಯ ಚೀಟಿ, ಸಹಾಯನಿಧಿಗಳ ಥರ. ನೋಟಿಸಿನ ಸಾರ ಇಷ್ಟು: ಸಂಘದಲ್ಲಿ 54 ಜನ ಇದ್ದರು, ಈಗ ಊರಲ್ಲಿ ಉಳಿದಿರುವುದು 17 ಜನ. ಜೊತೆಗಿದ್ದ ಇನ್ನೊಬ್ಬ ಮುಖ್ಯಸ್ಥ ಆಯ್ಕೆಯಾದ ದಿನದಿಂದ ಊರಿಗೇ ಬಂದಿಲ್ಲ. ಯಾರೂ ಸಭೆಗೆ ಬರುತ್ತಿಲ್ಲ, ವಂತಿಗೆ ಕೊಡುತ್ತಿಲ್ಲ. ಪೆಟ್ಟಿಗೆಯಲ್ಲಿ ಹಣ ಇಲ್ಲ. ಇನ್ನು ಮುಂದೆ ಯಾರಾದರೂ ಸತ್ತರೆ ಸಂಘ ಮಣ್ಣು ಮಾಡುತ್ತದೆ ಅಂದುಕೊಳ್ಳಬೇಡಿ.

ಊರಿಗೆ ಸಂಬಂಧಿಸಿ ನಮಗೆ ಸಿಗುವ ಮೊದಲ 'ಜನಗಣತಿ' ಇದು ಅಂತ ನಾನು ಹೇಳುತ್ತೇನೆ. ಗಡಿಯಲ್ಲಿ ಯುದ್ಧದ ಭಯ ಶುರುವಾಗಿದ್ದ ಕಾಲ. ಕೊನೆಯ ಹಲಗೆಗಳ ತಾರೀಕು ಕೂಡ ಅದೇ ವರ್ಷಕ್ಕೆ ನಿಲ್ಲುತ್ತದೆ. ಆ ದಾಖಲೆಗಳನ್ನು ಸುರಂಗದಲ್ಲಿ ಬಿಟ್ಟುಹೋದವರು ಅವನ್ನು ತೆಗೆದುಕೊಳ್ಳಲು ವಾಪಸ್ ಬರಲಿಲ್ಲ.

ಗಣಿ ಮಾತ್ರ ಮುಂದೆಯೂ ನಡೆಯಿತು. ಯುನೆಸ್ಕೋ ಪ್ರಕಾರ 106ರಿಂದ 166 ವರ್ಷಗಳಲ್ಲಿ ರೋಮನ್ನರು ಇಲ್ಲಿಂದ ತೆಗೆದದ್ದು ಸುಮಾರು 500 ಟನ್ ಚಿನ್ನ. ಅವರು ಕೊರೆದ, ಈಗಲೂ ಉಳಿದಿರುವ ಸುರಂಗಗಳ ಒಟ್ಟು ಉದ್ದ 7 ಕಿಲೋಮೀಟರ್. ಆಳದಿಂದ ನೀರೆತ್ತಲು ಮರದ ಚಕ್ರಗಳನ್ನು ಒಂದರ ಮೇಲೊಂದರಂತೆ ಕೂರಿಸಿದ್ದ ಕೋಣೆಗಳೂ ಒಳಗಿವೆ. ಮೆಮ್ಮಿಯಸ್‌ನ ಕರಾರಿನಲ್ಲಿ ನೀರಿನ ಷರತ್ತು ಯಾಕಿತ್ತು ಅನ್ನುವುದಕ್ಕೆ ಈ ಚಕ್ರಗಳೇ ಸಾಕ್ಷಿ.

ಕೆಂಪು ಹಳ್ಳ, ನೂರು ಕೆರೆ

ರೋಮನ್ನರು ಹೋದ ಮೇಲೆ ಬಂದ ಮಧ್ಯಯುಗ, ಹಂಗೇರಿ ರಾಜರ ಆಳ್ವಿಕೆಗಳನ್ನು ಬೇಗ ದಾಟಿ 18ನೇ ಶತಮಾನಕ್ಕೆ ಬರೋಣ. ಆಗ ಟ್ರಾನ್ಸಿಲ್ವೇನಿಯಾ ವಿಯೆನ್ನಾದ ಹ್ಯಾಬ್ಸ್‌ಬರ್ಗ್ ಅರಸರ ಕೈಯಲ್ಲಿತ್ತು. ಈ ಕಾಲದಲ್ಲಿ ಊರಿನ ಸುತ್ತ ಬೆಟ್ಟದ ಇಳಿಜಾರುಗಳಲ್ಲಿ ಒಡ್ಡು ಕಟ್ಟಿ ಕೆರೆಗಳನ್ನು ಮಾಡಿದರು. ಕೆರೆಯ ನೀರು ಕಾಲುವೆಯಲ್ಲಿ ಇಳಿದು ಚಕ್ರ ತಿರುಗಿಸಬೇಕು, ಚಕ್ರಕ್ಕೆ ಜೋಡಿಸಿದ ಮರದ ಒನಕೆಗಳು ಎದ್ದು ಬಿದ್ದು ಅದಿರನ್ನು ಕುಟ್ಟಬೇಕು. ಕುಟ್ಟಿದ ಪುಡಿಯನ್ನು ತೊಳೆದರೆ ತಳದಲ್ಲಿ ಚಿನ್ನ. ಹೀಗೆ ನೂರಕ್ಕೂ ಹೆಚ್ಚು ಕೆರೆಗಳಿದ್ದವು. ಕೆಲವು ಈಗಲೂ ಇವೆ. ಎಲ್ಲಕ್ಕಿಂತ ದೊಡ್ಡದನ್ನು 'ದೊಡ್ಡ ಕೆರೆ' ಅನ್ನುವ ಅರ್ಥದಲ್ಲೇ ತೌಲ್ ಮಾರೆ ಅಂತ ಕರೆಯುತ್ತಾರೆ.

ಇಲ್ಲೊಂದು ಸಂಗತಿ ಗಮನಿಸಬೇಕು. ಈ ಗಣಿಗಾರಿಕೆಯಲ್ಲಿ ಸಾಮಾನ್ಯ ಕುಟುಂಬಗಳಿಗೂ ಪಾಲಿತ್ತು. ಸಣ್ಣ ಸುರಂಗ, ಸಣ್ಣ ಒನಕೆ ಯಂತ್ರ, ಜೊತೆಗೆ ಎರಡು ಹಸು, ಹುಲ್ಲುಗಾವಲು. ಚಿನ್ನ ಕೈಕೊಟ್ಟ ವರ್ಷ ಹಾಲು ಕೈಹಿಡಿಯುತ್ತಿತ್ತು. ಊರಿನ ಜನಸಂಖ್ಯೆಯೂ ಒಂದೇ ಬಣ್ಣದ್ದಾಗಿರಲಿಲ್ಲ. ರೊಮೇನಿಯನ್ನರು, ಹಂಗೇರಿಯನ್ನರು, ಜರ್ಮನ್ ಮಾತಾಡುವ ಗಣಿ ಕುಶಲಿಗಳು ಒಟ್ಟಿಗೆ ಬದುಕಿದರು. ಆರ್ಥೊಡಾಕ್ಸ್, ಗ್ರೀಕ್ ಕ್ಯಾಥೊಲಿಕ್, ರೋಮನ್ ಕ್ಯಾಥೊಲಿಕ್, ಕ್ಯಾಲ್ವಿನಿಸ್ಟ್, ಯೂನಿಟೇರಿಯನ್ ಹೀಗೆ ಐದು ಪಂಥಗಳ ಚರ್ಚುಗಳು ಒಂದೇ ಕಣಿವೆಯಲ್ಲಿ ನಿಂತವು. ಚಿನ್ನ ಯಾರನ್ನೆಲ್ಲ ಕರೆಯಿತು ಅನ್ನುವುದರ ಪಟ್ಟಿ ಆ ಗೋಪುರಗಳಲ್ಲೇ ಇದೆ.

ಹಾಗಂತ ಅದು ರಾಮರಾಜ್ಯವೇನೂ ಆಗಿರಲಿಲ್ಲ. 1784ರಲ್ಲಿ ಇದೇ ಅಪುಸೇನಿ ಬೆಟ್ಟಗಳ ಜೀತದ ರೈತರು ಹೋರ್ಯಾ, ಕ್ಲೋಷ್ಕಾ, ಕ್ರಿಶಾನ್ ಎಂಬ ಮೂವರ ನಾಯಕತ್ವದಲ್ಲಿ ಜಮೀನ್ದಾರರ ವಿರುದ್ಧ ದಂಗೆ ಎದ್ದರು. 1785ರಲ್ಲಿ ಹೋರ್ಯಾ ಮತ್ತು ಕ್ಲೋಷ್ಕಾರನ್ನು ಆಲ್ಬಾ ಯೂಲಿಯಾ ನಗರದಲ್ಲಿ ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ಕ್ರಿಶಾನ್ ಅದಕ್ಕೂ ಮೊದಲೇ ಸೆರೆಮನೆಯಲ್ಲಿ ಪ್ರಾಣ ಕಳೆದುಕೊಂಡ. ಅದೇ ಆಲ್ಬಾ ಯೂಲಿಯಾದಲ್ಲಿ 1918ರ ಡಿಸೆಂಬರ್ 1ರಂದು ಟ್ರಾನ್ಸಿಲ್ವೇನಿಯಾ ರೊಮೇನಿಯಾಕ್ಕೆ ಸೇರುವ ಘೋಷಣೆ ಆಯಿತು.

ಸರ್ಕಾರ ಗಣಿ ಮಾಲೀಕ ಆದಾಗ

1948ರಲ್ಲಿ ಕಮ್ಯುನಿಸ್ಟ್ ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. ತಲೆಮಾರುಗಳಿಂದ ಸುರಂಗ ಹೊಂದಿದ್ದ ಕುಟುಂಬಗಳು ಒಂದೇ ಕಾನೂನಿನಿಂದ ಸರ್ಕಾರಿ ನೌಕರರಾದವು. 1970ರ ದಶಕದಲ್ಲಿ ಚೆಟಾಟೆ ಬೆಟ್ಟವನ್ನು ಮೇಲಿನಿಂದ ಸಿಡಿಸಿ ತೆಗೆಯುವ ತೆರೆದ ಗಣಿ ಶುರುವಾಯಿತು. ಚೆಟಾಟೆ ಅಂದರೆ ಕೋಟೆ. ಅಲ್ಲಿದ್ದ ರೋಮನ್ ಗಣಿ ಕುರುಹುಗಳಲ್ಲಿ ಬಹುಪಾಲು ಆ ಸಿಡಿತದಲ್ಲೇ ಹೋಯಿತು.

ಈಗಿನ ಊರಿನ ಹೆಸರಿನಲ್ಲೂ ಇರುವ 'ಕೆಂಪು' ಎಲ್ಲಿಂದ ಬಂತು ಗೊತ್ತೇ? ಬಂಡೆಯಲ್ಲಿ ಪೈರೈಟ್ ಎಂಬ ಕಬ್ಬಿಣ ಮತ್ತು ಗಂಧಕದ ಖನಿಜ ಇರುತ್ತದೆ. ಗಣಿ ತೋಡಿದಾಗ ಅದಕ್ಕೆ ಗಾಳಿ, ನೀರು ತಾಗಿ ಗಂಧಕಾಮ್ಲ ಹುಟ್ಟುತ್ತದೆ. ಆಮ್ಲ ಕಬ್ಬಿಣವನ್ನು ಕರಗಿಸಿಕೊಂಡು ಹರಿಯುತ್ತದೆ, ಹಳ್ಳ ಕೆಂಪಾಗುತ್ತದೆ. ಗಣಿ ಮುಚ್ಚಿದರೂ ಈ ಕ್ರಿಯೆ ನಿಲ್ಲುವುದಿಲ್ಲ. ಈ ಊರಿನ ಪರಿಸರ ಮೊದಲೇ ಶುದ್ಧವಾಗಿತ್ತು, ಕಂಪನಿ ಬಂದು ಹಾಳುಮಾಡಲು ಹೊರಟಿತು ಅನ್ನುವ ಸರಳ ಕಥೆ ಅದಕ್ಕೇ ಸರಿಯಲ್ಲ.

ಅದಕ್ಕಿಂತ ಭೀಕರ ಉದಾಹರಣೆ ಕೆಲವೇ ಕಿಲೋಮೀಟರ್ ದೂರದಲ್ಲಿದೆ. 1970ರ ದಶಕದ ಕೊನೆಯಲ್ಲಿ ಚೌಷೆಸ್ಕು ಸರ್ಕಾರ ರೋಶಿಯಾ ಪೊಯೇನಿ ಎಂಬ ತಾಮ್ರದ ಗಣಿಯ ಕೆಸರು ತುಂಬಲು ಜ್ಯಾಮನಾ ಎಂಬ ಹಳ್ಳಿಯನ್ನೇ ಆರಿಸಿಕೊಂಡಿತು. ನೂರಾರು ಕುಟುಂಬಗಳು ಎದ್ದವು. ಕೆಸರಿನ ಕೆರೆಯ ಮೇಲೆ ಚರ್ಚಿನ ಗೋಪುರದ ತುದಿ ಕಾಣುವ ಫೋಟೋವನ್ನು ನೀವು ಇನ್‌ಸ್ಟಾಗ್ರಾಂನಲ್ಲಿ 'ಸುಂದರ ತಾಣ' ಅನ್ನುವ ಹೆಸರಲ್ಲಿ ನೋಡಿರಲೂಬಹುದು.

1989ರಲ್ಲಿ ಆ ಆಳ್ವಿಕೆ ಬಿತ್ತು. ನಷ್ಟದಲ್ಲಿದ್ದ ಗಣಿಗಳು ಸಬ್ಸಿಡಿಯಲ್ಲಿ ಉಸಿರಾಡುತ್ತಿದ್ದವು. 1990ರ ದಶಕದ ಕೊನೆಯಲ್ಲಿ ದೇಶದುದ್ದಕ್ಕೂ ಗಣಿ ಕಾರ್ಮಿಕರ ಕೆಲಸ ಹೋಯಿತು. ಐರೋಪ್ಯ ಒಕ್ಕೂಟ ಸೇರುವ ಮುನ್ನಾ ವರ್ಷ, 2006ರಲ್ಲಿ, ರೋಶಿಯಾ ಮೊಂತಾನಾದ ಸರ್ಕಾರಿ ಗಣಿ ಬಾಗಿಲು ಹಾಕಿತು.

ಕಂಪನಿ ಬಂತು, ಮನೆಗಳು ಮಾರಾಟವಾದವು

ಅಷ್ಟರಲ್ಲಾಗಲೇ ಹೊಸಬರು ಬಂದಾಗಿತ್ತು. ಕೆನಡಾದ ಟೊರೊಂಟೊ ಷೇರುಪೇಟೆಯಲ್ಲಿದ್ದ ಗೇಬ್ರಿಯಲ್ ರಿಸೋರ್ಸಸ್ ಕಂಪನಿ 1990ರ ದಶಕದ ಕೊನೆಯಲ್ಲಿ ಇಲ್ಲಿಗೆ ಕಾಲಿಟ್ಟಿತು. ರೋಶಿಯಾ ಮೊಂತಾನಾ ಗೋಲ್ಡ್ ಕಾರ್ಪೊರೇಷನ್ ಎಂಬ ಜಂಟಿ ಸಂಸ್ಥೆ ಹುಟ್ಟಿತು. ಅದರಲ್ಲಿ ಗೇಬ್ರಿಯಲ್ ಪಾಲು ಸುಮಾರು ಶೇ. 80, ರೊಮೇನಿಯಾ ಸರ್ಕಾರದ ಪಾಲು ಶೇ. 20ರ ಹತ್ತಿರ.

ಯೋಜನೆ ಯುರೋಪಿನ ಅತಿ ದೊಡ್ಡ ತೆರೆದ ಚಿನ್ನದ ಗಣಿಯದ್ದು. ಚೆಟಾಟೆ, ಕರ್ನಿಕ್, ಓರ್ಲಿಯಾ, ಝಿಗ್ ಎಂಬ ನಾಲ್ಕು ಕಡೆ ಬೆಟ್ಟ ಅಗೆಯುವುದು. ಸುಮಾರು 300 ಟನ್ ಚಿನ್ನ, 1,600 ಟನ್ ಬೆಳ್ಳಿ ಗುರಿ. ಅದಿರಿನ ತ್ಯಾಜ್ಯ ಕೆಸರು ತುಂಬಲು ಪಕ್ಕದ ಕೋರ್ನಾ ಕಣಿವೆ. ಅದಕ್ಕೆ ಅಡ್ಡಲಾಗಿ 180 ಮೀಟರ್‌ಗೂ ಎತ್ತರದ ಅಣೆಕಟ್ಟು, ಅಂದರೆ ಸುಮಾರು ಅರವತ್ತು ಅಂತಸ್ತಿನ ಕಟ್ಟಡದಷ್ಟು. ಕೋರ್ನಾ ಕೂಡ ಇದೇ ಕೊಮ್ಯೂನಿನ ಹದಿನಾರು ಹಳ್ಳಿಗಳಲ್ಲಿ ಒಂದು. ಜ್ಯಾಮನಾಕ್ಕೆ ಆದದ್ದು ಕೋರ್ನಾಕ್ಕೂ ಆಗಬೇಕಿತ್ತು. ಈ ಬಾರಿ ಸರ್ವಾಧಿಕಾರಿಯ ಆದೇಶದ ಬದಲು ಕ್ರಯಪತ್ರದ ಮೂಲಕ.

ಯಾಕೆ ಇಷ್ಟೆಲ್ಲ ಅಗೆಯಬೇಕು? ಲೆಕ್ಕ ಸರಳ. ಒಂದು ಟನ್ ಅದಿರಿನಲ್ಲಿ ಇರುವ ಚಿನ್ನ ಒಂದೂವರೆ ಗ್ರಾಂ ಆಸುಪಾಸು. 10 ಗ್ರಾಂನ ಒಂದು ಸರಕ್ಕೆ ಏಳು ಟನ್ ಅದಿರನ್ನು ಪುಡಿ ಮಾಡಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನ ಅದು, ತೊಳೆದರೆ ಸಿಗುವುದಿಲ್ಲ. ಸೈನೈಡ್ ದ್ರಾವಣದಲ್ಲಿ ಕರಗಿಸಿಯೇ ತೆಗೆಯಬೇಕು. ಕೋಲಾರದ ಕೆಜಿಎಫ್‌ನಲ್ಲಿ ಸೈನೈಡ್ ದಿಬ್ಬಗಳನ್ನು ನೋಡಿದವರಿಗೆ ಚಿನ್ನ ಹೋದ ಮೇಲೆ ಏನು ಉಳಿಯುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಸೈನೈಡ್ ಬಗ್ಗೆ ರೊಮೇನಿಯಾದವರಿಗೆ ಹತ್ತಿರದ ಅನುಭವವೇ ಇತ್ತು. 2000ದ ಜನವರಿ 30ರಂದು ದೇಶದ ಉತ್ತರದ ಬಾಯಾ ಮಾರೆ ಎಂಬಲ್ಲಿ ಇಂಥದೇ ಒಂದು ಘಟಕದ ಒಡ್ಡು ಒಡೆದು ಸುಮಾರು ಒಂದು ಲಕ್ಷ ಘನ ಮೀಟರ್ ಸೈನೈಡ್ ನೀರು ನದಿಗೆ ಸೇರಿತ್ತು. ಅದು ಸೊಮೆಶ್, ತಿಸಾ ನದಿಗಳ ಮೂಲಕ ಹಂಗೇರಿ ದಾಟಿ ಡ್ಯಾನ್ಯೂಬ್‌ವರೆಗೂ ಹೋಯಿತು. ರಾಶಿ ರಾಶಿ ಮೀನು ಸತ್ತವು.

ಈಗ ಆ 'ಸಣ್ಣ ಅಧಿಕಾರ'ಕ್ಕೆ ಬರೋಣ. 2002ರಲ್ಲಿ ಕೊಮ್ಯೂನಿನ ಕೌನ್ಸಿಲ್ ಹೊಸ ವಲಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರ ಪ್ರಕಾರ ಯೋಜನಾ ಪ್ರದೇಶ ಗಣಿಗಾರಿಕೆಗೆ ಮಾತ್ರ. ಹೊಸ ಹೋಟೆಲ್, ಹೋಂಸ್ಟೇ, ಕಾರ್ಖಾನೆ, ಯಾವುದಕ್ಕೂ ಅನುಮತಿ ಸಿಗುವಂತಿರಲಿಲ್ಲ. ಅದೇ ವರ್ಷ ಕಂಪನಿ ಮನೆ, ಜಮೀನು ಕೊಳ್ಳಲು ಶುರು ಮಾಡಿತು.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಹಳೆಯ ಗಣಿ ಮುಚ್ಚುತ್ತಿದೆ, ಸಂಬಳ ನಿಂತಿದೆ. ಬೇರೆ ಕೆಲಸ ಹುಟ್ಟಲು ಕಾಗದದಲ್ಲೇ ತಡೆ ಇದೆ. ಬಾಗಿಲಲ್ಲಿ ಒಬ್ಬನೇ ಒಬ್ಬ ಗಿರಾಕಿ ಚೆಕ್ ಹಿಡಿದು ನಿಂತಿದ್ದಾನೆ. ಇಂಥ ಹೊತ್ತಲ್ಲಿ ಮನೆ ಮಾರಿದವರನ್ನು 'ಸ್ವಇಚ್ಛೆಯಿಂದ ಮಾರಿದರು' ಅನ್ನಬಹುದೇ? ಕಾನೂನು ಹೌದು ಅನ್ನುತ್ತದೆ. ನನಗೆ ಆ ಪದ ಬಳಸಲು ಕಷ್ಟ. ಯೋಜನೆಗೆ ಬೇಕಿದ್ದ ಮನೆಗಳಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಕಂಪನಿಯ ಕೈಸೇರಿದವು. ಹೋದವರಿಗಾಗಿ ಆಲ್ಬಾ ಯೂಲಿಯಾದ ಅಂಚಿನಲ್ಲಿ ರೆಚ್ಯಾ ಎಂಬ ಹೊಸ ಬಡಾವಣೆ ಎದ್ದಿತು. ಒಳ್ಳೆಯ ರಸ್ತೆ, ಒಂದೇ ಅಚ್ಚಿನ ಮನೆಗಳು.

ಉಳಿದವರು ಮತ್ತು ಕೆಲಸ ಕೇಳಿದವರು

2000ದಲ್ಲೇ ಊರಿನ ಕೆಲವು ರೈತರು, ಮನೆ ಮಾಲೀಕರು ಸೇರಿ ಒಂದು ಸಂಘ ಕಟ್ಟಿದರು. ಅದಕ್ಕೆ ಇಟ್ಟ ಹೆಸರು ರೋಮನ್ನರ ಕಾಲದ್ದೇ: ಅಲ್ಬುರ್ನುಸ್ ಮಾಯೋರ್. ಅವರ ಅಸ್ತ್ರ ಸರಳ. ಮನೆ ಮಾರುವುದಿಲ್ಲ, ಮತ್ತು ಪ್ರತಿ ಅನುಮತಿಯನ್ನೂ ಕೋರ್ಟಿನಲ್ಲಿ ಪ್ರಶ್ನಿಸುತ್ತೇವೆ. ಕರ್ನಿಕ್ ಬೆಟ್ಟಕ್ಕೆ ಇದ್ದ ಪುರಾತತ್ವ ರಕ್ಷಣೆಯನ್ನು ತೆಗೆದುಹಾಕಿದ್ದ 2004ರ ಪ್ರಮಾಣಪತ್ರ 2008ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಅವರ ಜೊತೆ ನಿಂತ ಹೋರಾಟಗಾರ್ತಿ ಸ್ಟೆಫನಿ ರೋತ್ ಅವರಿಗೆ 2005ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. 2004ರಿಂದ ಊರಲ್ಲೇ 'ಫಾನ್‌ಫೆಸ್ಟ್' ಎಂಬ ಉತ್ಸವ ಶುರುವಾಗಿ ನಗರದ ಯುವಜನ ಬೆಟ್ಟ ಹತ್ತಿ ಬರತೊಡಗಿದರು. ಹುಲ್ಲು ಕೊಯ್ಲಿನ ಹಬ್ಬ ಅನ್ನುವುದು ಆ ಹೆಸರಿನ ಅರ್ಥ.

ಆದರೆ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಗ್ಗುಲಿದೆ. ಊರಿನಲ್ಲಿ ಗಣಿ ಬೇಕು ಅನ್ನುವವರು ಕಂಪನಿಯ ಏಜೆಂಟರಷ್ಟೇ ಆಗಿರಲಿಲ್ಲ. ಅಪ್ಪ, ಅಜ್ಜ ಎಲ್ಲ ಗಣಿಯಲ್ಲಿ ದುಡಿದ ಮನೆಗಳವು. ಅವರಿಗೆ ಗಣಿ ಎಂದರೆ ಸಂಬಳ, ಪಿಂಚಣಿ, ಊರಲ್ಲಿ ಮರ್ಯಾದೆ. 2013ರ ಸೆಪ್ಟೆಂಬರ್‌ನಲ್ಲಿ ರಾಜಧಾನಿ ಬುಖಾರೆಸ್ಟ್‌ನಲ್ಲಿ ಗಣಿ ವಿರುದ್ಧ ಮೆರವಣಿಗೆ ನಡೆಯುತ್ತಿದ್ದಾಗ, ಇಲ್ಲಿ ಗಣಿ ಪರ ಇದ್ದ ಕಾರ್ಮಿಕರು ನೆಲದಡಿಯ ಸುರಂಗದಲ್ಲಿ ಕೂತು ಪ್ರತಿಭಟಿಸಿದರು. ನಗರದ ಪರಿಸರವಾದಿಗಳಿಗೆ ನಮ್ಮ ಹಸಿವು ಕಾಣುವುದಿಲ್ಲ ಅನ್ನುವುದು ಅವರ ಸಿಟ್ಟು. ಆ ಸಿಟ್ಟನ್ನು ಸುಳ್ಳು ಅಂತ ತಳ್ಳಿಹಾಕುವುದು ಸುಲಭ, ಉತ್ತರ ಕೊಡುವುದು ಕಷ್ಟ.

2013: ಒಂದು ಮಸೂದೆ, ಒಂದು ತಲೆಮಾರು

2013ರ ಆಗಸ್ಟ್ 27ರಂದು ಪ್ರಧಾನಿ ವಿಕ್ಟರ್ ಪೊಂತಾ ಅವರ ಸರ್ಕಾರ ಈ ಗಣಿಗಾಗಿಯೇ ಒಂದು ವಿಶೇಷ ಮಸೂದೆಯನ್ನು ಒಪ್ಪಿ ಸಂಸತ್ತಿಗೆ ಕಳಿಸಿತು. ಸರ್ಕಾರದ ಪಾಲು ಶೇ. 25ಕ್ಕೆ, ರಾಯಧನ ಶೇ. 6ಕ್ಕೆ ಏರುತ್ತದೆ ಅನ್ನುವುದು ಅದರ ಸಿಹಿ ಭಾಗ. ಕಹಿ ಭಾಗ ಬೇರೆಯೇ ಇತ್ತು. ಮಾರಲು ಒಪ್ಪದವರ ಆಸ್ತಿಯನ್ನು ರಾಜ್ಯದ ಹೆಸರಿನಲ್ಲಿ ವಶಪಡಿಸಿಕೊಳ್ಳುವ ಪ್ರಕ್ರಿಯೆ ನಡೆಸುವ ಅಧಿಕಾರ ಕಂಪನಿಗೇ ಸಿಗುತ್ತಿತ್ತು. ಅಧಿಕಾರಿಗಳು ನಿಗದಿತ ದಿನಗಳೊಳಗೆ ಅನುಮತಿ ಕೊಡಲೇಬೇಕಿತ್ತು. ಪೊಂತಾ ಅವರ ನಿಲುವು ಇನ್ನೂ ವಿಚಿತ್ರ. ಪ್ರಧಾನಿಯಾಗಿ ಮಸೂದೆ ಕಳಿಸುತ್ತೇನೆ, ಸಂಸದನಾಗಿ ವಿರುದ್ಧ ಮತ ಹಾಕುತ್ತೇನೆ ಅಂದರು.

ಸೆಪ್ಟೆಂಬರ್ 1ರಿಂದ ಜನ ಬೀದಿಗೆ ಬಂದರು. ಬುಖಾರೆಸ್ಟ್, ಕ್ಲೂಜ್ ಸೇರಿ ಹಲವು ನಗರಗಳಲ್ಲಿ ಪ್ರತಿ ಭಾನುವಾರ ಮೆರವಣಿಗೆ. ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ರಸ್ತೆಗೆ ಬಡಿಯುವ ಸದ್ದೇ ಅವರ ತಮಟೆ. ಕಾನೂನು ಮಾಡುವುದು ಕಾರ್ಪೊರೇಷನ್ ಅಲ್ಲ ಅನ್ನುವುದು ಮುಖ್ಯ ಘೋಷಣೆ. ಕಂಪನಿ ವರ್ಷಗಳಿಂದ ಟಿವಿ, ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು ಅಭಿಯಾನ ನಡೆಸಿತ್ತು. ಚಳವಳಿ ಬೆಳೆದದ್ದು ಬಹುಮಟ್ಟಿಗೆ ಫೇಸ್‌ಬುಕ್‌ನಲ್ಲಿ. ಇದಕ್ಕೆ ಪಕ್ಷದ ಬಾವುಟ ಇರಲಿಲ್ಲ. ಬಂದವರಲ್ಲಿ ಬಹಳ ಜನ 1989ರ ನಂತರ ಬೆಳೆದ ತಲೆಮಾರು. ರೋಶಿಯಾ ಮೊಂತಾನಾವನ್ನು ಅವರಲ್ಲಿ ಹೆಚ್ಚಿನವರು ನಕ್ಷೆಯಲ್ಲಷ್ಟೇ ನೋಡಿದ್ದರು. ಆದರೆ ಒಂದು ಹಳ್ಳಿಯವರ ಮನೆಯನ್ನು ಕಂಪನಿ ವಶಪಡಿಸಿಕೊಳ್ಳಬಹುದು ಅನ್ನುವ ಕಾನೂನು ನಾಳೆ ನಮ್ಮ ಮನೆ ಬಾಗಿಲಿಗೂ ಬರುತ್ತದೆ ಅನ್ನುವುದು ಅವರಿಗೆ ಅರ್ಥವಾಗಿತ್ತು.

ನವೆಂಬರ್ 19ರಂದು ಸೆನೆಟ್ ಮಸೂದೆಯನ್ನು ತಿರಸ್ಕರಿಸಿತು. 2014ರ ಜೂನ್ 3ರಂದು ಕೆಳಮನೆಯೂ ತಿರಸ್ಕರಿಸಿತು.

ಗೆಲುವಿನ ಬಿಲ್ಲು

ಕಂಪನಿ ಸುಮ್ಮನಾಗಲಿಲ್ಲ. 2015ರಲ್ಲಿ ವಿಶ್ವಬ್ಯಾಂಕ್ ಸಮೂಹದ ಹೂಡಿಕೆ ವಿವಾದ ನ್ಯಾಯಮಂಡಳಿಗೆ ಹೋಯಿತು. ಒಂದು ಹಂತದಲ್ಲಿ ಅದು ಕೇಳಿದ ಪರಿಹಾರ 440 ಕೋಟಿ ಡಾಲರ್. ಒಂದು ಸಂಸತ್ತು ಜನರ ಮಾತು ಕೇಳಿ ಮಸೂದೆ ಬಿಟ್ಟರೆ, ವಿದೇಶಿ ಹೂಡಿಕೆದಾರ ಇಷ್ಟು ಹಣ ಕೇಳಬಹುದಾದ ವ್ಯವಸ್ಥೆ ಇದು.

ಈ ದಾವೆಯ ನೆರಳು ಎಷ್ಟು ದೂರ ಬಿತ್ತು ಅಂದರೆ, ಊರನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿ ಅಂತ ತಾನೇ ಅರ್ಜಿ ಹಾಕಿದ್ದ ರೊಮೇನಿಯಾ, 2018ರಲ್ಲಿ ಈಗ ಬೇಡ, ಮುಂದಕ್ಕೆ ಹಾಕಿ ಅಂತ ಯುನೆಸ್ಕೋವನ್ನು ಕೇಳಿಕೊಂಡಿತು. ಕೊನೆಗೆ 2021ರ ಜುಲೈ 27ರಂದು ರೋಶಿಯಾ ಮೊಂತಾನಾದ ಗಣಿ ಭೂದೃಶ್ಯ ಪಟ್ಟಿಗೆ ಸೇರಿತು. ಅದೇ ದಿನ 'ಅಪಾಯದಲ್ಲಿರುವ ಪರಂಪರೆ' ಪಟ್ಟಿಗೂ ಸೇರಿತು. 2024ರ ಮಾರ್ಚ್ 8ರಂದು ನ್ಯಾಯಮಂಡಳಿ ಗೇಬ್ರಿಯಲ್‌ನ ಬೇಡಿಕೆಗಳನ್ನು ತಳ್ಳಿಹಾಕಿ, ರೊಮೇನಿಯಾದ ಖರ್ಚನ್ನೂ ಕಂಪನಿಯೇ ಕೊಡಬೇಕು ಅಂತ ಹೇಳಿತು.

ಹಾಗಾದರೆ ಊರು?

ಚಿನ್ನ ನೆಲದಲ್ಲೇ ಇದೆ. ರೋಮನ್ ಸುರಂಗ ಉಳಿಯಿತು, ಕರ್ನಿಕ್ ಬೆಟ್ಟ ಉಳಿಯಿತು, ಕೋರ್ನಾ ಕಣಿವೆ ಮುಳುಗಲಿಲ್ಲ. 2012ರಿಂದ ವಾಸ್ತುಶಿಲ್ಪಿಗಳು, ಸ್ವಯಂಸೇವಕರು 'ಒಂದು ಮನೆ ದತ್ತು ತಗೊಳ್ಳಿ' ಎಂಬ ಕಾರ್ಯಕ್ರಮದಲ್ಲಿ ಹಳೆಯ ಮನೆಗಳನ್ನು ರಿಪೇರಿ ಮಾಡುತ್ತಾ ಬಂದಿದ್ದಾರೆ. ಇವೆಲ್ಲ ನಿಜವಾದ ಗೆಲುವುಗಳು.

ಆದರೆ 2002ರಿಂದ 2011ರ ನಡುವೆ ಹೋದ ಸಾವಿರಕ್ಕೂ ಹೆಚ್ಚು ಜನರನ್ನು ಯಾವ ತೀರ್ಪೂ ವಾಪಸ್ ಕರೆತರಲಿಲ್ಲ. ಅವರೆಲ್ಲರನ್ನೂ ಕಂಪನಿಯೇ ಓಡಿಸಿತು ಅನ್ನಲೂ ಆಗದು. ಗಣಿ ಮುಚ್ಚಿದ್ದು ಒಂದು ಕಾರಣ. 2007ರ ನಂತರ ಐರೋಪ್ಯ ಒಕ್ಕೂಟದ ಗಡಿ ತೆರೆದು ಇಟಲಿ, ಸ್ಪೇನ್ ಕಡೆ ದುಡಿಯಲು ಹೋದವರ ಪ್ರವಾಹ ಇನ್ನೊಂದು. ಅದು ದೇಶದ ಎಲ್ಲ ಹಳ್ಳಿಗಳ ಕಥೆ. ಶೇ. 7 ಮತ್ತು ಶೇ. 30ರ ನಡುವಿನ ಅಂತರವೇ ಈ ಊರಿನದ್ದೇ ಆದ ಕಥೆ. ಸರ್ಕಾರ ಬಿಟ್ಟುಹೋದದ್ದು, ಕೌನ್ಸಿಲ್ ಬಾಗಿಲು ಮುಚ್ಚಿದ್ದು, ಕಂಪನಿ ಕೊಂಡುಕೊಂಡದ್ದು, ಮೂರೂ ಆ ಅಂತರದಲ್ಲಿವೆ.

ನನ್ನ ವಾದ ಇಷ್ಟೇ. ಯಾವುದೇ ದೊಡ್ಡ ಯೋಜನೆಯ ವರದಿಯಲ್ಲಿ 'ಬಾಧಿತ ಜನಸಂಖ್ಯೆ ಕಡಿಮೆ' ಎಂಬ ಸಾಲು ಕಂಡರೆ, ಆ ಲೆಕ್ಕ ಯಾವ ವರ್ಷದ್ದು ಅಂತ ಮೊದಲು ನೋಡಿ. ಆಮೇಲೆ ಅದಕ್ಕೆ ಹತ್ತು ವರ್ಷ ಹಿಂದಿನ ಲೆಕ್ಕ ತೆಗೆದು ಪಕ್ಕದಲ್ಲಿಡಿ. ನಡುವೆ ಸ್ಥಳೀಯ ಆಡಳಿತ ಯಾವ ಠರಾವು ಪಾಸು ಮಾಡಿತು, ಯಾವ ಕೆಲಸಕ್ಕೆ ಅನುಮತಿ ನಿಲ್ಲಿಸಿತು, ಜಮೀನು ಯಾರ ಹೆಸರಿಗೆ ಹೋಯಿತು ಅಂತ ಹುಡುಕಿ. ಊರನ್ನು ನಿಧಾನವಾಗಿ ಖಾಲಿ ಮಾಡಿ, ಆಮೇಲೆ ಇಲ್ಲಿ ಇರುವವರೇ ಎಷ್ಟು ಜನ ಅಂತ ಕೇಳುವುದು ಹಳೆಯ ತಂತ್ರ. ಅದನ್ನು ಹಿಡಿಯಲು ಬೇಕಾದ ಸಾಧನ ಎರಡು ಜನಗಣತಿಗಳ ಪಟ್ಟಿ, ಒಂದು ಪಂಚಾಯಿತಿ ನಡಾವಳಿ ಪುಸ್ತಕ.

ಹೋರಾಟಗಾರರಿಗೂ ಒಂದು ಪ್ರಶ್ನೆ ಉಳಿಯುತ್ತದೆ. ಬೇಡ ಅಂತ ಹೇಳಿ ಗೆದ್ದ ಮೇಲೆ ಊರಲ್ಲಿ ಉಳಿದವರು ಏನು ಮಾಡಿ ಬದುಕಬೇಕು? ಪ್ರವಾಸೋದ್ಯಮ ಒಂದು ಉತ್ತರ. ಹರಿಯುತ್ತಲೇ ಇರುವ ಕೆಂಪು ನೀರನ್ನು ಶುದ್ಧ ಮಾಡುವ ಕೆಲಸವೂ ಸಂಬಳದ ಕೆಲಸವೇ, ಗಣಿ ಬಲ್ಲವರೇ ಮಾಡಬಹುದಾದದ್ದು. ಸುರಂಗದಲ್ಲಿ ಕೂತು ಕೆಲಸ ಕೇಳಿದ ಕಾರ್ಮಿಕನಿಗೆ ರಾಜ್ಯ ಇನ್ನೂ ಉತ್ತರ ಕೊಡಬೇಕಿದೆ. ಮುಂದಿನ ಜನಗಣತಿಯಲ್ಲಿ ಈ ಹದಿನಾರು ಹಳ್ಳಿಗಳ ಸಾಲಿನಲ್ಲಿ ಎಷ್ಟು ಬರೆಯುತ್ತಾರೆ ಅನ್ನುವುದು ಆ ಉತ್ತರದ ಮೇಲೆ ನಿಂತಿದೆ.